ತಿರುಗಿಸಿದ ಫೋಟೋ

ಮೊದಲ ಏಟು ಬಿದ್ದಾಗ ವೆಲ್ಡರ್ ನಕ್ಕ, ಗೆಳೆಯರ ತಮಾಷೆಯೆಂದುಕೊಂಡು. ಎರಡನೆಯದಕ್ಕೆ ಹುಬ್ಬು ಸೀಳಿ ರಕ್ತ ಚಿಮ್ಮಿತು.

"ಮಕ್ಕಳ ಕಳ್ಳ! ಪೇಪರಲ್ಲೇ ಬಂದಿದೆ, ನೋಡ್ರೋ!" ಗುಂಪಿನಲ್ಲೊಬ್ಬ ಮೊದಲ ಪುಟ ಬೀಸುತ್ತಿದ್ದ.

ವೆಲ್ಡಿಂಗ್ ಅಂಗಡಿಯ ಎದುರಿನ ಪತ್ರಿಕಾ ಕಚೇರಿಯ ಕಿಟಕಿಯಿಂದ ಪುಟವಿನ್ಯಾಸದ ಹುಡುಗಿ ಅದನ್ನು ಕಂಡಳು. ಆ ಪುಟ ಅವಳದೇ.

ಮಗು ಕದ್ದು ಓಡುತ್ತಿದ್ದವನನ್ನು ಹಿಂದಿನ ದಿನ ಹಿಡಿದುಕೊಟ್ಟವನೇ ಈ ವೆಲ್ಡರ್. ಫೋಟೋದಲ್ಲಿ ಇಬ್ಬರೂ ಇದ್ದರು. ಅಡಿಯಲ್ಲಿ 'ಎಡಗಡೆ ಇರುವವನು ಆರೋಪಿ' ಎಂಬ ಸಾಲು. ಚಿತ್ರದಲ್ಲಿನ ಮುಖ ಸುದ್ದಿಯ ಕಡೆಗೆ ತಿರುಗಿರಬೇಕು ಎನ್ನುವುದು ಪುಟ ಕಟ್ಟುವವರ ರೂಢಿ. ಈ ವೆಲ್ಡರೋ ಪುಟದ ಹೊರಗೆಲ್ಲೋ ನೋಡುತ್ತಿದ್ದ. ದಿನವೂ ವೆಲ್ಡಿಂಗ್ ಮುಖವಾಡ ಎತ್ತಿ ಅವಳ ಕಿಟಕಿಯತ್ತ ಕಳ್ಳನೋಟ ಬೀರುವವನು ಬೇರೆಡೆ ನೋಡಿದರೆ ಅವಳು ಸಹಿಸಿಯಾಳೇ? ಕನ್ನಡಿಯಲ್ಲಿ ಕಂಡಂತೆ ಫೋಟೋ ತಿರುಗಿಸಿಬಿಟ್ಟಳು. ಬಲಗಡೆಯಿದ್ದ ಅವನು ಎಡಕ್ಕೆ ಬಂದ. ಅಡಿಯ ಸಾಲು ಹಾಗೇ ಉಳಿಯಿತು.

ಮೆಟ್ಟಿಲಿಳಿದು ಓಡಿದಳು. ಅಷ್ಟರಲ್ಲಿ ಕಬ್ಬಿಣದ ಸರಳು ಬಿದ್ದು ಅವನ ಬಲಗೈ ಮೂಳೆ ಲಟಕ್ಕೆಂದಿತ್ತು. ಅವಳು ಅವನ ಮೇಲೆ ಬಿದ್ದು ತನ್ನ ಮೈಯನ್ನೇ ಅಡ್ಡ ಹಿಡಿದಳು.

"ನಿಲ್ಸಿ! ಇವ್ರು ಕಳ್ಳ ಅಲ್ಲ, ಕಳ್ಳನ್ನ ಹಿಡಿದವ್ರು! ಫೋಟೋ ತಿರುಗಿಸಿದ್ದು ನಾನು! ಹೊಡೀಬೇಕಾದ್ರೆ ನನಗೆ ಹೊಡೀರಿ!"

ಹೊಡೆದೇಬಿಟ್ಟರು. ಬೆನ್ನಿಗೆ ಇಟ್ಟಿಗೆ ಬಿತ್ತು, ಭುಜಕ್ಕೆ ಒದೆ ಬಿತ್ತು. ಅವಳು ಜಗ್ಗಲಿಲ್ಲ. ಪೊಲೀಸರ ಸೀಟಿ ಕೇಳಿದ್ದೇ ತಡ, ಆ ಶೂರರೆಲ್ಲ ದಿಕ್ಕಾಪಾಲು.

ಆಸ್ಪತ್ರೆಗೆ ಸಂಪಾದಕರ ಫೋನ್ ಬಂತು. "ಒಳಪುಟದ ಮೂಲೇಲಿ ತಿದ್ದುಪಡಿ ಅಂತ ಎರಡು ಸಾಲು ಹಾಕೋಣಮ್ಮ. ನಿನ್ನ ಕೆಲಸಾನೂ ಉಳಿಯತ್ತೆ."

"ತಪ್ಪು ಮೊದಲ ಪುಟದಲ್ಲಾಗಿದೆ ಸರ್. ಅಲ್ಲೇ ಹಾಕಿ, ಅಷ್ಟೇ ದೊಡ್ಡದಾಗಿ. ನಾನೇ ಮಾಡಿದ್ದು ಅಂತಾನೂ ಬರೀರಿ. ಇಲ್ಲಾಂದ್ರೆ ಬೀದೀಲಿ ನಿಂತು ಕೂಗ್ತೀನಿ."

ಮರುದಿನ ಹಾಗೇ ಅಚ್ಚಾಯಿತು. ಅವಳ ಕೆಲಸವೂ ಹೋಯಿತು.

ವೆಲ್ಡರ್ ಊದಿದ ಕಣ್ಣಲ್ಲೇ ಪತ್ರಿಕೆ ಓದಿ ಮಡಚಿಟ್ಟ. "ಯಾಕ್ರೀ ತಿರುಗಿಸಿದ್ರಿ?"

ಪುಟ ಚೆಂದ ಕಾಣಲಿ ಅಂತ ಎಂದು ಜಾರಿಕೊಳ್ಳಬಹುದಿತ್ತು. ಸುಳ್ಳು ಸಾಕಾಗಿತ್ತು ಅವಳಿಗೆ.

"ನೀವು ಬೇರೆ ಕಡೆ ನೋಡ್ತಿದ್ರಿ. ನಂಗೆ ನೀವಂದ್ರೆ ಪ್ರಾಣ. ಅದ್ಕೆ."

"ಇಷ್ಟ ಇದ್ರೆ ಬಾಯಿಬಿಟ್ಟು ಹೇಳ್ಬಾರ್ದಿತ್ತಾ? ಮೂಳೆನಾದ್ರೂ ಉಳೀತಿತ್ತು."

ಅವಳು ಅಳುತ್ತಲೇ ನಕ್ಕಳು. ಅವನು ನಗಲಿಲ್ಲ.

"ನಂಗಿನ್ನೂ ಕೋಪ ಇದೆ."

"ಇರ್ಲಿ."

"ತುಂಬಾ ದಿನ ಇರತ್ತೆ."

"ನಾನೂ ಇರ್ತೀನಿ."

ಅವನು ಎಡಗೈ ಚಾಚಿ ಅವಳ ಬೆರಳುಗಳನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.