ಷಡಕ್ಷರಪ್ಪನ ಕಾಲಿನ ಇರುವೆ

ಮೂವತ್ತೆಂಟನೇ ಇಸವಿ. ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಷಡಕ್ಷರಪ್ಪ ಬೆಳಿಗ್ಗೆ ಮಂಚದ ಮೇಲೆ ಹೆಣವಾಗಿದ್ದ. ಎಡಗಾಲು ಮೊಣಕಾಲತನಕ ಕಪ್ಪು. ಗಾಯದ ಪಟ್ಟಿ ತುಂಬ ಇರುವೆ!

ಇನ್‌ಸ್ಪೆಕ್ಟರ್ ಕೃಷ್ಣಪ್ಪನವರ ಹಿಂದೆ ನಾನೂ ಓಡಿದೆ — ಕಾನ್‌ಸ್ಟೇಬಲ್ ಆಗಿ ಎರಡೇ ತಿಂಗಳು, ಮೊದಲ್ನೇ ಕೊಲೆ ಕೇಸು! ಅಷ್ಟೊತ್ತಿಗೆ ಸತ್ತವನ ತಮ್ಮ ಜಯದೇವಪ್ಪ, ನಾಟಿ ವೈದ್ಯ ಹನುಮಯ್ಯನ್ನ ಕಂಬಕ್ಕೆ ಕಟ್ಟಿ, ಬಲಗೈ ಬೆರಳು ಒಂದೊಂದಾಗಿ ಮುರೀತಿದ್ದ.

"ಬಿಡ್ರೀ ಅವನ್ನ!" ಅಂತ ಗದರಿದ್ರು ಕೃಷ್ಣಪ್ಪನವರು.

"ಪಟ್ಟೀಲಿ ವಿಷ ಇಟ್ಟವ್ನೆ ಸಾರ್! ಕಾಲಿಗೆ ಕರಟ ಚುಚ್ಚಿದ್ದು ಇಷ್ಟೇ ಇಷ್ಟು. ಮೂರು ತಿಂಗಳಾದ್ರೂ ಮಾಯ್ಲಿಲ್ಲ. ನೇಣಿಗೆ ಹಾಕ್ಸಿ!"

"ಬೆಲ್ಲ, ಸುಣ್ಣ ಅಷ್ಟೇ ಬುದ್ಧೀ!" ಹನುಮಯ್ಯ ಗೋಳಾಡ್ದ. "ಹಾರನಹಳ್ಳೀಲಿ ಕೊಡಲಿ ಏಟೇ ಅದ್ರಲ್ಲಿ ಮಾಯ್ದೈತೆ!"

"ಬೆಲ್ಲಕ್ಕೆ ಇರುವೆ ಬಂದೈತೆ ಸಾರ್" ಅಂದೆ, ದೊಡ್ಡ ಜಾಣನ ಹಾಗೆ.

"ನೀರು ಜಾಸ್ತಿ ಕುಡೀತಿದ್ರಾ?" ಅಂದ್ರು ಕೃಷ್ಣಪ್ಪನವರು.

"ಕೊಡಗಟ್ಟಲೆ!" ಅಂದ ಜಯದೇವಪ್ಪ.

ಸೀದಾ ಬಚ್ಚಲಿಗೆ ಹೋದ್ರು. ರೋಗಿ ಉಚ್ಚೆ ಹೊಯ್ಯೋ ಮೂಲೇಲಿ ದಪ್ಪಗೆ ಬೂದಿ. ಬೂಟಿನ ತುದೀಲಿ ಕೆದಕಿದ್ರು. ಅಡೀಲಿ — ಇರುವೆ ಸಾಲು!

"ಇಲ್ಲಿಗೂ ಬೆಲ್ಲದ ಪಟ್ಟಿ ಕಟ್ಟಿದ್ರೇನಯ್ಯ, ಜಾಣ? ಬೂದಿ ಹಾಕಿದ್ದು ಯಾರು?"

"ನಾನೇ" ಅಂದ್ರು ಸತ್ತವನ ಹೆಂಡತಿ ಸುಮಿತ್ರಮ್ಮ.

"ತಿನ್ನೋಕೆ ಏನ್ ಕೊಡ್ತಿದ್ರಿ?"

"ಕೊಬ್ಬರಿ ಬೆಲ್ಲ, ಮೂರು ಹೊತ್ತೂ. ಶಕ್ತಿಗೆ ಊರಲ್ಲೆಲ್ಲ ಅದೇ ಅಲ್ವೆ?"

"ಹಾಸನದ ಡಾಕ್ಟರೂ ಅದ್ನೇ ಬರ್ದವ್ರೆ ಸಾರ್" ಅಂತ ಜಯದೇವಪ್ಪ ಗೂಡಿಂದ ಚೀಟಿ ತಂದ. "ಇಂಗ್ಲಿಷು. ಅತ್ತಿಗೆ ಓದಿ ಹೇಳಿದ್ರು — ಮನೇಲಿ ಬರೋದು ಅವರೊಬ್ಬರಿಗೇ."

ಕೃಷ್ಣಪ್ಪನವರು ಓದಿದ್ರು. "ಸಿಹಿಮೂತ್ರದ ಕಾಯಿಲೆ. ಸಿಹಿ ಮುಟ್ಟಿದ್ರೆ ಕಾಲು ಕೊಳೆತು ಪ್ರಾಣ ಹೋಗುತ್ತೆ — ಬರ್ದಿರೋದು ಇದು! ರಕ್ತದಲ್ಲಿ ಸಕ್ಕರೆ ಏರಿದ್ರೆ ಗಾಯ ಮಾಯಲ್ಲ. ಉಚ್ಚೇಲೂ ಸಕ್ಕರೆ, ಅದಕ್ಕೇ ಬಚ್ಚಲಲ್ಲಿ ಇರುವೆ. ಪಟ್ಟಿ ಇರುವೆ ಎಲ್ಲರೂ ನೋಡಿದ್ರು. ಬಚ್ಚಲಿನ ಇರುವೆ ಯಾರೂ ನೋಡಬಾರ್ದು ಅಂತ ದಿನಾ ಬೂದಿ! ಕೊಂದಿದ್ದು ನೀವು, ಸುಮಿತ್ರಮ್ಮ."

ಆಕೆ ಸೆರಗು ಸರಿಸಿ ತೋಳು ತೋರಿಸಿದ್ರು. ಚುಟ್ಟದಲ್ಲಿ ಸುಟ್ಟ ಗುಂಡು ಗುಂಡು ಕಲೆ — ಎಣಿಸೋಕಾಗಲ್ಲ.

"ಹನ್ನೊಂದು ವರ್ಷ. ವಾರಕ್ಕೊಂದು. ಒಂದು ಮಾಯೋದ್ರೊಳಗೆ ಇನ್ನೊಂದು. ಮಾಯದ ಗಾಯ ಹೆಂಗಿರುತ್ತೆ ಅಂತ ಅವ್ರೂ ನೋಡ್ಲಿ ಅಂದ್ಕೊಂಡೆ."

"ಸರಿ. ಹನುಮಯ್ಯ ಏನ್ ಮಾಡಿದ್ದ? ಅವನ ಬೆರಳು ಮುರೀವಾಗ ನಿಂತು ನೋಡ್ತಿದ್ರಲ್ಲ?"

ಸುಮಿತ್ರಮ್ಮ ಕಂಬದ ಕಡೆ ತಿರುಗಿದ್ರು.

"ಈ ಸುಟ್ಟ ಗಾಯಕ್ಕೆಲ್ಲ ಪಟ್ಟಿ ಕಟ್ಟಿದ್ದು ಅವನೇ ಸಾರ್. ಒಂದ್ ಸಲಾನಾದ್ರೂ — ಹೆಂಗಾಯ್ತು ತಾಯಿ ಅಂತ ಕೇಳಿದ್ನಾ, ಕೇಳಿ."

"ಕೇಳ್ಲಿಲ್ಲ ತಾಯಿ" ಅಂದ ಹನುಮಯ್ಯ, ತಲೆ ಎತ್ತದೆ.