ಡ್ರೈವರ್ ಸೀಟಿನಲ್ಲಿ ಇಳಿದ ಬಿಪಿ

"ನೂರಾ ಅರವತ್ತೆಂಟು!"

ಡಾಕ್ಟರ ಬಾಯಿಂದ ಆ ಮಾತು ಬಂದದ್ದೇ ತಡ, ಅವಳ ಎದೆ ಧಸಕ್ಕೆಂದಿತು. ಎಂಥ ಇಕ್ಕಟ್ಟಿನ ತಿರುವಿನಲ್ಲೂ ಬಸ್ಸನ್ನು ನಿರಾಳವಾಗಿ ತಿರುಗಿಸುವ ಡ್ರೈವರ್ ಅವಳು. ಆದರೆ ತೋಳಿಗೆ ಬಿಪಿ ಪಟ್ಟಿ ಸುತ್ತಿದರೆ ಸಾಕು, ಕೈಕಾಲು ತಣ್ಣಗಾಗುತ್ತಿದ್ದವು. ಅಪ್ಪ ಕಣ್ಮುಚ್ಚಿದ್ದು ಇಂಥದೇ ಕೋಣೆಯಲ್ಲಿ...

"ಉಸಿರು ಬಿಡಿ ಮೇಡಂ, ಹಿಡ್ಕೊಂಡೇ ಕೂತಿದ್ದೀರಲ್ಲ!" ಎಂದ, ಪಟ್ಟಿ ಬಿಚ್ಚುತ್ತಿದ್ದ ನರ್ಸ್.

ಎಷ್ಟು ಮೆತ್ತನೆಯ ದನಿ! ಒಂದು ಕ್ಷಣ ಅವಳು ಭಯವನ್ನೇ ಮರೆತಳು.

ಅಷ್ಟರಲ್ಲಿ ಅವನು ಡಾಕ್ಟರ ಕಡೆ ತಿರುಗಿ, "ಇವರ ಡ್ರೈವಿಂಗ್ ಫಿಟ್‌ನೆಸ್ ಸರ್ಟಿಫಿಕೇಟ್ ಒಂದು ವಾರ ತಡೀರಿ ಸಾರ್," ಎಂದುಬಿಟ್ಟ!

ಅಂದರೆ ಒಂದು ವಾರ ಸ್ಟೇರಿಂಗ್ ಮುಟ್ಟುವಂತಿಲ್ಲ. ಆಮೇಲೂ ಬಿಪಿ ಇಳಿಯದಿದ್ದರೆ? ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವ ಕೆಲಸ! ಮುಂದಿನ ಮಾತಿಗೆ ನಿಲ್ಲದೆ ಅವಳು ದಡದಡನೆ ಹೊರಬಂದಳು. ಮೆತ್ತಗೆ ಮಾತಾಡಿ ಬೆನ್ನಿಗೆ ಚೂರಿ ಹಾಕಿದನಲ್ಲ, ಪಾಪಿ!

ಮರುದಿನ ಡಿಪೋದಲ್ಲಿ ನಿಂತಿದ್ದ ತನ್ನ ಬಸ್ಸಿನಲ್ಲಿ ಅವಳು ಸುಮ್ಮನೆ ಕುಳಿತಿದ್ದಾಗ, ಬಿಪಿ ಮೆಷಿನ್ ಹಿಡಿದು ಅವನೇ ಹತ್ತಿ ಬಂದ.

"ಇನ್ನೇನು ಉಳಿದಿದೆ ಅಂತ ಬಂದ್ರಿ?" ಅವಳು ಸಿಡುಕಿದಳು.

"ಬೈಯೋದೆಲ್ಲ ಆಮೇಲೆ ಬೈಯಿರಂತೆ. ನಿನ್ನೆನೇ ಬರೆದಿದ್ರೆ ಡಾಕ್ಟ್ರು ಅನ್‌ಫಿಟ್ ಅಂತ್ಲೇ ಬರೀತಿದ್ರು. ನಿಮಗೆ ಆಸ್ಪತ್ರೆ ಅಂದ್ರೆ ಭಯ. ಹೊರಗಡೆ ವಾರ ಪೂರ್ತಿ ನೋಡ್ತೀವಿ ಅಂತ ಅವರನ್ನ ಒಪ್ಪಿಸಿದ್ದು ನಾನೇ ಕಣ್ರೀ."

ಅವಳಿಗೆ ನಾಚಿಕೆಯಾಯಿತು. ಛೆ, ಏನೆಲ್ಲ ಅಂದುಕೊಂಡೆ!

ಅವಳು ಸೀಟಿಗೆ ಒರಗಿ ಐದು ನಿಮಿಷ ಸುಧಾರಿಸಿಕೊಂಡ ಮೇಲೆ ಅವನು ಪಟ್ಟಿ ಸುತ್ತಿದ.

"ನೂರಾ ಇಪ್ಪತ್ತು!"

"ನಿಜವಾಗ್ಲೂ?" ಅವಳ ಕಣ್ಣು ತುಂಬಿ ಬಂತು.

ವಾರವಿಡೀ ಮನೆಯಲ್ಲಿ ತಾನೇ ನೋಡಿಕೊಂಡಾಗಲೂ ಬಿಪಿ ಏರಲಿಲ್ಲ. ಡಾಕ್ಟರು ನಗುತ್ತಾ, "ನಮ್ಮನ್ನ ಕಂಡ್ರೆ ಮಾತ್ರ ಏರೋ ಬಿಪಿ ನಿಮ್ದು! ಮನೇಲಿ ಆಗಾಗ ನೋಡ್ಕೊಳ್ತಾ ಇರಿ," ಎಂದು ಸರ್ಟಿಫಿಕೇಟ್ ಕೊಟ್ಟರು. ಅಬ್ಬಾ! ಹೋದ ಜೀವ ಬಂದಂತಾಯಿತು.

ಅಂದು ಸಂಜೆ ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು. ಅವನೊಬ್ಬ ಇಳಿಯಲಿಲ್ಲ.

"ಇನ್ನೊಂದ್ಸಲ ಬಿಪಿ ನೋಡೋಣ್ವಾ?"

"ಅಯ್ಯೋ, ಈಗ ಬೇಡ. ಏರಿರುತ್ತೆ."

"ಇನ್ನೂ ಭಯಾನಾ?"

"ಭಯ ಅಲ್ಲ ರೀ... ನೀವು."

ಅವನ ಕೈಯಿಂದ ಮೆಷಿನ್ ಜಾರುವುದರಲ್ಲಿತ್ತು. ಅವಳು ಅದನ್ನು ಕಿತ್ತುಕೊಂಡು ಅವನ ತೋಳಿಗೇ ಪಟ್ಟಿ ಸುತ್ತಿದಳು.

"ನೂರಾ ಐವತ್ತು! ಏನ್ ನರ್ಸ್ ಸಾರ್ ಇದು?"

"ಒಂದು ವಾರದಿಂದ ಬಾಯಿಗೆ ಬಂದದ್ದನ್ನ ನುಂಗ್ತಾ ಇದ್ದೀನಿ... ನನ್ನ ಮದುವೆ ಆಗ್ತೀರಾ?"

ಅವಳು ಅವನ ಮುಖ ನೋಡಿ ನಗು ತಡೆಯಲಾಗದೆ ಹೇಳಿದಳು.

"ಉಸಿರು ಬಿಡಿ ಸಾರ್, ಹಿಡ್ಕೊಂಡೇ ಕೂತಿದ್ದೀರಲ್ಲ!"

"ನೀವು ಹೂಂ ಅನ್ನೋವರೆಗೂ ಬಿಡಲ್ಲ."

"ಹೂಂ..."