ಎತ್ತಿಕೊಳ್ಳದ ಕೈ

ಪಕ್ಕದ ಹೊಲದ ಒಬ್ಬಂಟಿ ಮಾಳಿಂಗಪ್ಪ ಕೊನೆಗೂ ಸೀರೆ ತಂದಿದ್ದ. ಗೊಬ್ಬೂರಿನಲ್ಲಿ ಉಡಕಿಗೆ ಅಷ್ಟು ಸಾಕು: ವಿಧವೆ ಒಪ್ಪಿ ಆ ಸೀರೆ ಉಟ್ಟರೆ ಮರುಮದುವೆ ಆದಂತೆಯೇ.

"ನಿನ್ನ ಬಣ್ಣಕ್ಕ ಒಪ್ಪತದ. ಉಟ್ಕೊಂಡು ನೋಡು," ಎಂದು ಓರೆಗಣ್ಣಿನಲ್ಲಿ ನೋಡಿ ನಕ್ಕ.

ಕಾಶಿಬಾಯಿ ಸೀರೆ ಮುಟ್ಟಲಿಲ್ಲ. ಅವನ ಹೆಗಲೇರಿ ಕುಳಿತಿದ್ದ ತನ್ನ ಮಗಳು ಮಾಣಿಕಮ್ಮನನ್ನು ನೋಡಿದಳು. ಜ್ವರ ಬಂದು ಮಗುವಿನ ಎಡಗಾಲು ಸೊರಗಿದಂದಿನಿಂದ ಅವನು ಅವಳನ್ನು ನೆಲಕ್ಕಿಳಿಯಲು ಬಿಟ್ಟಿರಲಿಲ್ಲ. ಹೊಲಕ್ಕೂ ಹೆಗಲೇ, ಜೇವರ್ಗಿ ಸಂತೆಗೂ ಹೆಗಲೇ. ಅದಕ್ಕೇ ಅವನ ಮೇಲೆ ಮನಸ್ಸಾದದ್ದು, ಸುಳ್ಳೇಕೆ?

"ರಜಾಕಾರರ ಗದ್ದಲ ಮುಗದು ಚಾವಡ್ಯಾಗ ಕನ್ನಡ ಸಾಲಿ ಸುರು ಆಗ್ಯಾದ. ಮಾಣಿಕಿನ್ನ ಕಳಸ್ತೀರೇನು?" ಎಂದು ಕೇಳಿದಳು.

"ಸಾಲಿ ಯಾಕ ಬೇಕು ಬೇ? ಹುಡುಗರು ಕುಂಟಿ ಅಂತ ಕಾಡ್ತಾವ. ನಾ ಇರೋತನಕ ಈಕಿ ಕಾಲು ನೆಲಕ್ಕ ತಾಗಂಗಿಲ್ಲ."

"ನೀವು ಇಲ್ಲದಾಗ?"

ಮದುವೆ ಮಾತಿನ ನಡುವೆ ಹೀಗೆ ಯಾರು ಕೇಳುತ್ತಾರೆ! ಅವನ ಮುಖ ಸಪ್ಪಗಾಯಿತು.

"ಗಂಡನ್ನ ಕಳಕೊಂಡಾಕಿ ನಾ. ಇರ್ತೇನಿ ಅಂದವರೂ ಹೋಗ್ತಾರ." ಅವನ ಕಣ್ಣಿನಲ್ಲಿ ಕಣ್ಣಿಟ್ಟೇ ಹೇಳಿದಳು. "ಆಕಿ ನಡೀಬೇಕು, ಓದಬೇಕು. ಇಲ್ಲಾಂದ್ರ ಸೀರಿ ಒಯ್ರಿ."

ಅವನು ಮಗುವನ್ನು ಇಳಿಸಿ, ಸೀರೆ ತೆಗೆದುಕೊಂಡು ಹೊರಟೇಬಿಟ್ಟ. ಕಾಶಿಬಾಯಿಗೆ ಅಂದು ಒಲೆ ಹಚ್ಚುವ ಮನಸ್ಸೂ ಬರಲಿಲ್ಲ. ಹಟ ಮಾಡಿ ಕೈಯಾರೆ ಕಳೆದುಕೊಂಡೆನೇ?

ಮರುದಿನ ಬೆಳಿಗ್ಗೆ ಮಾಳಿಂಗಪ್ಪ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಜಾಲಿ ಕಟ್ಟಿಗೆಯ ಪುಟ್ಟ ಊರುಗೋಲು, ಕಣ್ಣು ಕೆಂಪು.

"ಮಾಣಿಕಿ, ಸಾಲಿಗಿ ನಡಿ. ನಾ ಹಿಂದ ಬರ್ತೇನಿ."

"ಎತ್ಕೊಳ್ಳಂಗಿಲ್ಲ?"

"ಎತ್ಕೊಳ್ಳಂಗಿಲ್ಲವ್ವ."

ಕೋಲನ್ನು ಮಗುವಿಗೆ ಕೊಟ್ಟು, ತನ್ನ ಕೈ ತಾನಾಗಿ ಚಾಚೀತೆಂದು ಎರಡನ್ನೂ ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡ. ಅದನ್ನು ನೋಡಿ ಕಾಶಿಬಾಯಿಗೆ ನಗುವೂ ಬಂತು, ಕಣ್ಣೂ ತುಂಬಿತು. ತಾನೂ ಹಿಂದೆ ನಡೆದಳು.

ಬಾವಿಯ ತಿರುವಿನಲ್ಲಿ ಮಾಣಿಕಮ್ಮ ಮುಗ್ಗರಿಸಿ ಬಿದ್ದಳು. ಚಾವಡಿಯ ಹುಡುಗರು ಕಿಸಕ್ಕೆಂದರು. ಮಾಳಿಂಗಪ್ಪ ತುಟಿ ಕಚ್ಚಿದ, ಕೈ ಬಿಚ್ಚಲಿಲ್ಲ. ಮಗು ಕೋಲು ಎಳೆದುಕೊಂಡು, ಮೊಣಕಾಲ ಮಣ್ಣು ಕೊಡವಿ, ತಾನೇ ಎದ್ದಿತು. ತಿರುಗಿಯೂ ನೋಡದೆ ಚಾವಡಿಯ ಮೆಟ್ಟಿಲು ಹತ್ತಿ ಒಳಗೆ ಹೋಯಿತು.

ಆರಡಿ ಆಳು ಮಾಳಿಂಗಪ್ಪ ದಾರಿಯ ನಡುವೆಯೇ ಕುಸಿದು ಕುಳಿತು ಅತ್ತ. ನೀರಿಗೆ ಬಂದ ಹೆಂಗಸರೆಲ್ಲ ಕೊಡ ಹಿಡಿದು ನಿಂತೇಬಿಟ್ಟರು.

ಕಾಶಿಬಾಯಿ ಅವರೆಲ್ಲರ ಎದುರಿನಲ್ಲೇ ಅವನಿಗೆ ಕೈ ನೀಡಿದಳು.

"ಆಕಿ ಎದ್ದಳು. ಇನ್ನ ನೀವೂ ಏಳ್ರಿ. ನಿಮ್ಮನ್ನ ನಾ ಹಿಡ್ಕೋತೇನಿ."